ಭಾನುವಾರದ ಮಟನ್ ಅಂಗಡಿ, ಹೆಬ್ಬಾಳದ ವೀರಗಲ್ಲು

ಯಲಹಂಕದಲ್ಲಿ ಭಾನುವಾರ ಬೆಳಗಾಗುವುದೇ ಮಟನ್ ಅಂಗಡಿಯ ಮುಂದೆ. ಏಳು ಗಂಟೆಗೆಲ್ಲ ಸಾಲು ರಸ್ತೆಗೆ ಬಂದಿರುತ್ತದೆ. ಒಬ್ಬರ ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಮಡಚಿದ ಬಟ್ಟೆಚೀಲ. "ತೊಡೆ ಕಡೆ ಹಾಕಣ್ಣ, ಮೂಳೆ ಸ್ವಲ್ಪ ಜಾಸ್ತಿ ಇರ್ಲಿ" ಎಂಬ ಮಾತು, ಮರದ ಕೊರಡಿನ ಮೇಲೆ ಕತ್ತಿ ಬೀಳುವ ಸದ್ದು. ಮನೆಯಲ್ಲಿ ಮಸಾಲೆ ರುಬ್ಬಿ, ಮುದ್ದೆಗೆ ಎಸರಿಟ್ಟು ಕಾಯುತ್ತಿರುತ್ತಾರೆ. ಅಂಗಡಿ ತೆರೆದಿದೆಯೇ ಎಂದು ಯಾರೂ ಫೋನ್ ಮಾಡಿ ಕೇಳಿಕೊಂಡು ಹೊರಡುವುದಿಲ್ಲ. ಭಾನುವಾರ ಅಂಗಡಿ ತೆರೆದಿರುತ್ತದೆ, ಅಷ್ಟೇ.

ಎರಡು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರುವರಿಯ ಹೊತ್ತಿಗೆ, ಇದೇ ಅಂಗಡಿಗಳ ಷಟರ್ ಇಳಿದಿರುತ್ತದೆ. ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ದಿನಗಳವು. 2023ರಲ್ಲಿ ಬಿಬಿಎಂಪಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ ವಾಯುನೆಲೆಯ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸ ಮಾರಾಟ ನಿಷೇಧಿಸಿತ್ತು. 2025ರಲ್ಲಿ ಆ ವೃತ್ತ 13 ಕಿ.ಮೀ.ಗೆ ಹಿಗ್ಗಿತು. ಕಾರಣ ಹದ್ದು. ಬಯಲಿಗೆ ಬಿದ್ದ ಮಾಂಸದ ಚೂರುಗಳಿಗೆ ಹದ್ದುಗಳು ಬರುತ್ತವೆ, ಹದ್ದುಗಳು ಹಾರುವ ಎತ್ತರದಲ್ಲೇ ಯುದ್ಧವಿಮಾನಗಳು ಪಲ್ಟಿ ಹೊಡೆಯುತ್ತಿರುತ್ತವೆ. ಒಂದು ಹಕ್ಕಿ ಎಂಜಿನ್‌ಗೆ ಸಿಕ್ಕರೂ ವಿಮಾನ ಉಳಿಯುವ ಭರವಸೆ ಇಲ್ಲ.

ಮುಚ್ಚಿದ ಷಟರ್ ಮುಂದೆ ಡಬ್ಬಿ ಹಿಡಿದು ನಿಂತವರ ತಲೆಯೊಳಗೆ ಆಗ ಏನಾಗುತ್ತದೆ? "ಭಾನುವಾರ ಅಂಗಡಿ ತೆರೆದಿರುತ್ತದೆ" ಎಂಬ ನಂಬಿಕೆಯನ್ನು ಅವರು ಬಿಟ್ಟುಬಿಡುವುದಿಲ್ಲ. ಮುಂದಿನ ತಿಂಗಳ ಭಾನುವಾರ ಮತ್ತೆ ಅದೇ ಧೈರ್ಯದಿಂದ ಹೊರಡುತ್ತಾರೆ. ಹಾಗೆಂದು ಕಣ್ಣೆದುರಿನ ಷಟರನ್ನು ಅಲ್ಲಗಳೆಯುವುದೂ ಇಲ್ಲ. ನಂಬಿಕೆಗೆ ವಿರುದ್ಧವಾದ ಸಂಗತಿ ಎದುರಾಗಿದೆ, ಆದರೂ ನಂಬಿಕೆ ಸುಳ್ಳಾಗಿಲ್ಲ. ನಮಗೆ ಇಷ್ಟು ಸಲೀಸಾದ ಈ ಕೆಲಸವನ್ನು ಲೆಕ್ಕಾಚಾರದ ನಿಯಮಗಳಲ್ಲಿ ಹಿಡಿದಿಡಲು ತರ್ಕಶಾಸ್ತ್ರಜ್ಞರಿಗೂ ಕಂಪ್ಯೂಟರ್ ವಿಜ್ಞಾನಿಗಳಿಗೂ ದಶಕಗಳೇ ಬೇಕಾದವು. ಕೆಲಸ ಇನ್ನೂ ಮುಗಿದಿಲ್ಲ.

ಹಾರದ ಹಕ್ಕಿ

ಹಳೆಯ, ಗಣಿತದ ಮಾದರಿಯ ತರ್ಕಕ್ಕೆ ಒಂದು ಹಟವಿದೆ. ಒಮ್ಮೆ ಸಾಧಿಸಿದ ತೀರ್ಮಾನ ಮುಂದೆಂದೂ ಬಿದ್ದುಹೋಗಬಾರದು. ಹೊಸ ಮಾಹಿತಿ ಸೇರಿದಷ್ಟೂ ತೀರ್ಮಾನಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ರೇಖಾಗಣಿತಕ್ಕೆ ಇದು ಸರಿ. ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಸಾಧಿಸಿದ ಮೇಲೆ ನಾಳೆ ಬರುವ ಯಾವ ಸುದ್ದಿಯೂ ಅದನ್ನು ಅಲುಗಾಡಿಸದು.

ಬದುಕಿನ ಬಹುಪಾಲು ತಿಳಿವಳಿಕೆ ಹಾಗಿಲ್ಲ. ಹಕ್ಕಿ ಹಾರುತ್ತದೆ ಎಂದು ಮಕ್ಕಳಿಗೆ ಹೇಳುತ್ತೇವೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ನಿಂತು ದೂರದಲ್ಲೊಂದು ಹಕ್ಕಿ ಕಂಡರೆ ಅದು ಹಾರಬಲ್ಲದು ಎಂದೇ ಎಣಿಸುತ್ತೇವೆ. ಅದೇ ಹಕ್ಕಿ ಪೆಂಗ್ವಿನ್ ಅಥವಾ ಉಷ್ಟ್ರಪಕ್ಷಿ ಎಂದು ಗೊತ್ತಾದ ಕೂಡಲೇ ತೀರ್ಮಾನ ಹಿಂತೆಗೆದುಕೊಳ್ಳುತ್ತೇವೆ. ಮಾಹಿತಿ ಹೆಚ್ಚಾಯಿತು, ತೀರ್ಮಾನ ಕಡಿಮೆಯಾಯಿತು. ಹಳೆಯ ತರ್ಕದ ಚೌಕಟ್ಟಿನಲ್ಲಿ ಇದಕ್ಕೆ ಜಾಗವಿಲ್ಲ.

ಯಂತ್ರಗಳಿಗೆ ಲೋಕಜ್ಞಾನ ಕಲಿಸಲು ಹೊರಟವರಿಗೆ ಈ ಕೊರತೆ ಮೊದಲು ಚುಚ್ಚಿತು. 1980ರಲ್ಲಿ ಕೃತಕ ಬುದ್ಧಿಮತ್ತೆಯ ಪ್ರಮುಖ ನಿಯತಕಾಲಿಕವೊಂದು ಇದಕ್ಕಾಗಿಯೇ ವಿಶೇಷ ಸಂಚಿಕೆ ತಂದಿತು. ರೇಮಂಡ್ ರೈಟರ್, ಜಾನ್ ಮೆಕಾರ್ಥಿ ಮುಂತಾದವರು ತಮ್ಮ ತಮ್ಮ ದಾರಿ ತೋರಿಸಿದರು. ರೈಟರ್ ಅವರ ನಿಯಮಗಳ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಇದು ಭಾನುವಾರ, ಅಂಗಡಿ ಮುಚ್ಚಿದೆ ಎಂದು ಹೇಳುವ ಯಾವ ಮಾಹಿತಿಯೂ ನನ್ನ ಬಳಿ ಇಲ್ಲ, ಆದ್ದರಿಂದ ತೆರೆದಿದೆ ಎಂದೇ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ 1980ರಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪತಂಜಲಿಯ ಮಹಾಭಾಷ್ಯದಲ್ಲಿ ಊಟದ ಪಂಕ್ತಿಯ ಉದಾಹರಣೆಯೊಂದಿದೆ. ಬ್ರಾಹ್ಮಣರಿಗೆಲ್ಲ ಮೊಸರು ಬಡಿಸಬೇಕು, ಕೌಂಡಿನ್ಯನಿಗೆ ಮಜ್ಜಿಗೆ ಎಂದು ಅಪ್ಪಣೆಯಾಗುತ್ತದೆ. ಕೌಂಡಿನ್ಯನೂ ಬ್ರಾಹ್ಮಣನೇ. ಆದರೂ ಅವನಿಗೆ ಮೊಸರಿಲ್ಲ, ಉಳಿದವರ ಮೊಸರಿಗೆ ಧಕ್ಕೆಯೂ ಇಲ್ಲ. ಪಂಡಿತರು ಇದನ್ನು ತಕ್ರಕೌಂಡಿನ್ಯ ನ್ಯಾಯ ಎನ್ನುತ್ತಾರೆ. ಸಾಮಾನ್ಯ ವಿಧಿ ಉತ್ಸರ್ಗ, ಅದನ್ನು ತಡೆಯುವ ವಿಶೇಷ ವಿಧಿ ಅಪವಾದ. ಎರಡೂ ಒಟ್ಟಿಗೆ ಬಾಳುತ್ತವೆ, ವಿಶೇಷವಾದದ್ದು ತನ್ನ ಜಾಗದಲ್ಲಿ ಮಾತ್ರ ಗೆಲ್ಲುತ್ತದೆ.

ಶಾಲೆಯ ಕನ್ನಡ ವ್ಯಾಕರಣವೂ ಇದೇ ನಡಿಗೆಯದು. ಸ್ವರದ ಮುಂದೆ ಸ್ವರ ಬಂದರೆ ಮೊದಲಿನದು ಲೋಪವಾಗುತ್ತದೆ: ಊರು, ಅನ್ನು ಸೇರಿ ಊರನ್ನು. ಆದರೆ ಮಗು, ಅನ್ನು ಸೇರಿದರೆ ಮಗುವನ್ನು. ಎರಡನೆಯದನ್ನು ಕಲಿತ ಮಗು ಮೊದಲನೆಯದನ್ನು ಮರೆಯುವುದಿಲ್ಲ.

ಹಾಲಿನ ಬೂತ್ ಯಾಕೆ ಮುಚ್ಚಬೇಕು?

ಅಪವಾದಕ್ಕೆ ಜಾಗ ಕೊಟ್ಟಾಯಿತು. ಆದರೆ ಎಷ್ಟು ಜಾಗ? ನನಗೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಕುತೂಹಲದ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ.

1990ರಲ್ಲಿ ಸರಿತ್ ಕ್ರೌಸ್, ಡೇನಿಯಲ್ ಲೇಮನ್, ಮೆನಾಹೆಮ್ ಮಗಿಡೋರ್ ಎಂಬ ಮೂವರು ಇಸ್ರೇಲಿ ವಿದ್ವಾಂಸರು ಸಾಮಾನ್ಯ ಸನ್ನಿವೇಶಗಳ ತರ್ಕಕ್ಕೆ ಗಟ್ಟಿ ಅಡಿಪಾಯ ಹಾಕಿದರು. ಅವರ ಕಲ್ಪನೆ ಸರಳ. ನಡೆಯಬಹುದಾದ ಎಲ್ಲ ಸನ್ನಿವೇಶಗಳನ್ನು ಸಾಲುಸಾಲಾಗಿ ಜೋಡಿಸಿ. ತೀರಾ ಸಹಜವಾದವು ಮೊದಲ ಸಾಲಿನಲ್ಲಿ, ಅಪರೂಪದವು ಹಿಂದಿನ ಸಾಲುಗಳಲ್ಲಿ. ಭಾನುವಾರ ಸಾಮಾನ್ಯವಾಗಿ ಅಂಗಡಿ ತೆರೆದಿರುತ್ತದೆ ಎಂದರೆ, ಭಾನುವಾರದ ಸನ್ನಿವೇಶಗಳಲ್ಲಿ ಅತಿ ಮುಂದಿನ ಸಾಲಿನವನ್ನು ನೋಡಿದಾಗ ಅವೆಲ್ಲದರಲ್ಲೂ ಅಂಗಡಿ ತೆರೆದಿದೆ ಎಂದರ್ಥ. ಏರೋ ಇಂಡಿಯಾದ ಭಾನುವಾರಗಳು ಹಿಂದಿನ ಸಾಲಿನವು. ಅಲ್ಲಿ ಅಂಗಡಿ ಮುಚ್ಚಿದ್ದರೂ ಮುಂದಿನ ಸಾಲಿಗೆ ಏನೂ ಆಗುವುದಿಲ್ಲ.

1992ರಲ್ಲಿ ಲೇಮನ್ ಮತ್ತು ಮಗಿಡೋರ್ ಇದನ್ನು ಮುಂದುವರಿಸಿ, ಕೈಯಲ್ಲಿರುವ ನಿಯಮಗಳಿಂದಲೇ ಈ ಸಾಲುಗಳನ್ನು ಕಟ್ಟುವ ಒಂದು ವಿಧಾನ ಕೊಟ್ಟರು. ಪ್ರತಿಯೊಂದು ಸನ್ನಿವೇಶವನ್ನೂ ನಿಯಮಗಳು ಬಿಟ್ಟಷ್ಟು ಸಹಜವೆಂದೇ ಎಣಿಸು, ಇದು ಅದರ ಸೂತ್ರ. ವಿಧಾನ ಅಚ್ಚುಕಟ್ಟು. ಆದರೆ ಅದರಲ್ಲೊಂದು ಕಂದಕವಿದೆ.

ಭಾನುವಾರದ ಬಗ್ಗೆ ನಮಗೆ ಎರಡು ನಿಯಮ ಗೊತ್ತಿವೆ ಎನ್ನೋಣ: ಮಟನ್ ಅಂಗಡಿ ತೆರೆದಿರುತ್ತದೆ, ನಂದಿನಿ ಬೂತ್‌ನಲ್ಲಿ ಹಾಲು ಸಿಗುತ್ತದೆ. ಏರೋ ಇಂಡಿಯಾದ ಭಾನುವಾರ ಮಟನ್ ಅಂಗಡಿ ಇಲ್ಲ. ಆ ದಿನ ಹಾಲು ಸಿಗುತ್ತದೆಯೇ? ಸಿಗುತ್ತದೆ ಎನ್ನುತ್ತೀರಿ ನೀವು, ಹದ್ದಿಗೂ ಹಾಲಿಗೂ ಏನು ಸಂಬಂಧ? ಆದರೆ 1992ರ ಆ ವಿಧಾನ ಉತ್ತರಿಸುವುದಿಲ್ಲ. ಅದರ ಕಣ್ಣಿಗೆ ಈ ಭಾನುವಾರ ಒಮ್ಮೆ ಅಸಹಜ ಎಂದಾದರೆ ಮುಗಿಯಿತು, ಭಾನುವಾರದಿಂದ ಬರಬೇಕಾದ ಯಾವ ಲಕ್ಷಣವೂ ಅದಕ್ಕೆ ದಕ್ಕುವುದಿಲ್ಲ. ಹಾರದ ಪೆಂಗ್ವಿನ್‌ಗೆ ರೆಕ್ಕೆ ಇದೆ ಎಂದೂ ಅದು ಹೇಳಲಾರದು. ಒಂದು ವಿಷಯದಲ್ಲಿ ಅಪವಾದವಾದದ್ದು ಎಲ್ಲದರಲ್ಲೂ ಮುಳುಗಿಹೋಯಿತು. ಸಂಶೋಧಕರು ಇದನ್ನು ಮುಳುಗಡೆಯ ಸಮಸ್ಯೆ ಎಂದೇ ಕರೆಯುತ್ತಾರೆ. 1995ರಲ್ಲಿ ಲೇಮನ್ ಅವರೇ ತಿದ್ದುಪಡಿ ತಂದರು: ಮುರಿಯಲೇಬೇಕಾದ ನಿಯಮವನ್ನು ಮಾತ್ರ ಮುರಿ, ಉಳಿದವನ್ನು ಆದಷ್ಟು ಉಳಿಸು. ಆಗ ಹಾಲು ಸಿಕ್ಕಿತು. ಅದಕ್ಕೆ ತೆತ್ತ ಬೆಲೆ, ಲೆಕ್ಕ ಮಾಡುವ ಶ್ರಮ ಹೆಚ್ಚಾಯಿತು.

ಮನುಷ್ಯರೂ ಈ ಕಂದಕಕ್ಕೆ ಬೀಳುತ್ತೇವೆ ಎಂಬುದು ನನ್ನ ಅನಿಸಿಕೆ. ಒಬ್ಬ ಹುಡುಗ ಗಣಿತದಲ್ಲಿ ಹಿಂದೆ ಬಿದ್ದರೆ ಅವನನ್ನು ಎಲ್ಲದರಲ್ಲೂ ಹಿಂದೆ ಬಿದ್ದವನೆಂದು ಎಣಿಸುವ ಮೇಷ್ಟ್ರು ಮಾಡುವುದೂ ಇದನ್ನೇ. ಅಪವಾದವನ್ನು ಅದರ ಗಡಿಯೊಳಗೇ ಇಡುವುದು ಯಂತ್ರಕ್ಕಷ್ಟೇ ಕಷ್ಟವಲ್ಲ.

ಕಾನೂನಿನ ಮನೆಯಿಂದ ಬಂದ ಪ್ರಶ್ನೆ

ಇಲ್ಲಿಯವರೆಗೆ ನಂಬಿಕೆ ಬದಲಾಗಿಲ್ಲ, ಅಪವಾದಕ್ಕೆ ಪಕ್ಕಕ್ಕೆ ಸರಿದು ನಿಂತಿದೆ ಅಷ್ಟೇ. ನಿಜವಾಗಿಯೂ ಬಿಟ್ಟುಕೊಡಬೇಕಾದಾಗ ಯಾವುದನ್ನು ಬಿಡಬೇಕು?

ಈ ಪ್ರಶ್ನೆ ಬಂದದ್ದು ಭಾಗಶಃ ಕಾನೂನಿನ ಕಡೆಯಿಂದ. ಅರ್ಜೆಂಟೀನಾದ ಕಾರ್ಲೋಸ್ ಆಲ್ಚುರಾನ್ ನ್ಯಾಯಶಾಸ್ತ್ರ ಬಲ್ಲವರು. ಒಂದು ಕಾಯ್ದೆಯ ಕಟ್ಟಿನಿಂದ ಒಂದು ವಿಧಿಯನ್ನು ರದ್ದು ಮಾಡಬೇಕಾಗಿದೆ ಎನ್ನಿ. ಅದೇ ವಿಧಿ ಬೇರೆ ಎರಡು ವಿಧಿಗಳನ್ನು ಕೂಡಿಸಿ ಓದಿದಾಗಲೂ ಹೊರಡುತ್ತಿದ್ದರೆ ಒಂದನ್ನು ಅಳಿಸಿ ಪ್ರಯೋಜನವಿಲ್ಲ. ಇನ್ನೆರಡರಲ್ಲಿ ಯಾವುದನ್ನಾದರೂ ಬಿಡಬೇಕು. ಯಾವುದನ್ನು? ಆಲ್ಚುರಾನ್, ಸ್ವೀಡನ್ನಿನ ಪೀಟರ್ ಗಾರ್ಡೆನ್‌ಫೋರ್ಸ್, ಡೇವಿಡ್ ಮೇಕಿನ್ಸನ್ ಸೇರಿ 1985ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ತಳಹದಿ. ಮೂವರ ಹೆಸರಿನ ಮೊದಲಕ್ಷರಗಳಿಂದ ಅದನ್ನು ಎಜಿಎಂ ಎನ್ನುತ್ತಾರೆ.

ಅವರ ಬೇಡಿಕೆಗಳಲ್ಲಿ ಮುಖ್ಯವಾದವು ಮೂರು. ಹೊಸ ಮಾಹಿತಿಯನ್ನು ಒಪ್ಪಬೇಕು. ಒಪ್ಪಿದ ಮೇಲೆ ನಂಬಿಕೆಗಳ ನಡುವೆ ವಿರೋಧ ಉಳಿಯಬಾರದು. ಇದಕ್ಕಾಗಿ ಹಳೆಯದರಲ್ಲಿ ಅಗತ್ಯಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು. ಮೂರನೆಯದೇ ಜೀವಾಳ. ಐಸಾಕ್ ಲೆವಿ ಎಂಬ ತತ್ತ್ವಜ್ಞಾನಿ ಹೇಳಿದ ಕ್ರಮವೂ ಇದಕ್ಕೆ ಹೊಂದುತ್ತದೆ: ಮೊದಲು ಅಡ್ಡ ಬರುವುದನ್ನು ತೆಗೆ, ಆಮೇಲೆ ಹೊಸದನ್ನು ಸೇರಿಸು.

ಆದರೆ ಅಡ್ಡ ಬರುವ ನಂಬಿಕೆಗಳು ಹಲವಿದ್ದಾಗ ಯಾವುದನ್ನು ತೆಗೆಯಬೇಕು ಎಂಬುದನ್ನು ತರ್ಕ ತಾನಾಗಿ ಹೇಳುವುದಿಲ್ಲ. ಅದಕ್ಕೆ ನಂಬಿಕೆಗಳ ಆಳದ ಶ್ರೇಣಿ ಬೇಕು. ಯಾವುದು ಆಳಕ್ಕೆ ಬೇರು ಬಿಟ್ಟಿದೆ, ಯಾವುದು ಮೇಲ್ಮೈಯಲ್ಲಿದೆ ಎಂಬುದನ್ನು ನಾವೇ ತೀರ್ಮಾನಿಸಿ ಕೊಡಬೇಕು.

ಬೇಗೂರಿನ ಕಲ್ಲು, ಯಲಹಂಕದ ಪ್ರಭು

ಈ ಶ್ರೇಣಿಯ ಪರೀಕ್ಷೆ ಬೆಂಗಳೂರಿನ ಹುಟ್ಟಿನ ವಿಷಯದಲ್ಲೇ ನಡೆದಿದೆ.

ಬೆಂಗಳೂರನ್ನು 1537ರಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡರು ಕಟ್ಟಿದರು ಎಂದು ನಾವೆಲ್ಲ ಓದಿಕೊಂಡೇ ಬೆಳೆದವರು. ಈ ಒಂದು ವಾಕ್ಯದೊಳಗೆ ಎರಡು ನಂಬಿಕೆಗಳು ಒಟ್ಟಿಗೆ ಕೂತಿವೆ. ಕೆಂಪೇಗೌಡರು ಆ ಕಾಲದಲ್ಲಿ ಕೋಟೆ ಪೇಟೆ ಕಟ್ಟಿಸಿದರು ಎಂಬುದು ಒಂದು. ಅದಕ್ಕೆ ಮೊದಲು ಬೆಂಗಳೂರೆಂಬ ಊರೇ ಇರಲಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿದವರ ಮನಸ್ಸಿನಲ್ಲಿ ಅದು ತಾನಾಗಿ ಸೇರಿಕೊಂಡಿರುತ್ತದೆ.

ಬೇಗೂರಿನ ನಾಗೇಶ್ವರ ದೇವಾಲಯದ ಶಾಸನ ಸುಮಾರು 890ರದು. ಅದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆ ಈ ಹೆಸರಿನ ಊರಿತ್ತು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಎಂಬ ಕತೆಯೂ ಇದರೆದುರು ನಿಲ್ಲುವುದಿಲ್ಲ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ.

ಈಗ ಏನನ್ನು ಬಿಡಬೇಕು? ಶಾಸನವನ್ನೇ ಸಂಶಯಿಸಬಹುದು, ತರ್ಕ ಅದನ್ನು ತಡೆಯುವುದಿಲ್ಲ. ಆದರೆ ಕಲ್ಲು, ಅದರ ಲಿಪಿ, ಅದರಲ್ಲಿ ಬರುವ ಅರಸರ ಕಾಲ ಇವೆಲ್ಲ ಬೇರೆ ಬೇರೆ ಕಡೆಯಿಂದ ಬಂದು ಒಂದಕ್ಕೊಂದು ಆಸರೆ ಕೊಡುತ್ತವೆ. ಕೆಂಪೇಗೌಡರು ಕೋಟೆ ಪೇಟೆ ಕಟ್ಟಿಸಿದ್ದಕ್ಕೂ ಅಂಥದೇ ಆಸರೆ ಇದೆ. ಆಸರೆಯೇ ಇಲ್ಲದೆ ನಿಂತಿದ್ದುದು "ಅದಕ್ಕೆ ಮೊದಲು ಊರಿರಲಿಲ್ಲ" ಎಂಬ ಮಾತು ಮಾತ್ರ. ಅದನ್ನು ತೆಗೆದರೆ ಸಾಕು, ಉಳಿದದ್ದೆಲ್ಲ ಉಳಿಯುತ್ತದೆ. ಕೆಂಪೇಗೌಡರು ಕೊಡಿಗೇಹಳ್ಳಿ ಕಡೆಯ ಹಳೇ ಬೆಂಗಳೂರಿನ ಹೆಸರನ್ನೇ ತಮ್ಮ ಹೊಸ ಪೇಟೆಗೆ ಇಟ್ಟರು ಎಂಬ ಪ್ರತೀತಿಗೂ ಆಗ ನಿಲ್ಲಲು ಜಾಗ ಸಿಗುತ್ತದೆ.

ಬೇಗೂರು ಶಾಸನ ಸಿಕ್ಕಿದ ಮೇಲೆ ಕೆಂಪೇಗೌಡರಿಗೆ ಬೆಂಗಳೂರಿನಲ್ಲಿ ಪಾತ್ರವೇ ಇಲ್ಲ ಎಂದು ವಾದಿಸುವವರು ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಕಳೆಯುತ್ತಿದ್ದಾರೆ. ಕೆಂಪೇಗೌಡರ ಮೇಲಿನ ಅಭಿಮಾನದಿಂದ ಶಾಸನದ ಮಾತೇ ಬೇಡ ಎನ್ನುವವರು ಕಳೆಯಬೇಕಾದದ್ದನ್ನು ಕಳೆಯುತ್ತಿಲ್ಲ. ಎರಡೂ ಕಡೆಯವರ ಜಗಳ, ಯಾರೂ ಬಾಯಿಬಿಟ್ಟು ಹೇಳದ ಆ ಎರಡನೆಯ ವಾಕ್ಯದ ಸುತ್ತ.

ಕಿತ್ತಯ್ಯ ಬಂದ ಮೇಲೆ

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ ಕಾಲದ್ದು. ಪೆರ್ಬೊಳಲ್‌ನಾಡು ಎಂಬ ಪ್ರದೇಶದ ಮೇಲೆ ರಟ್ಟರ ಕಡೆಯವರು ದಂಡೆತ್ತಿ ಬಂದಾಗ ಕಿತ್ತಯ್ಯನೆಂಬ ವೀರ ಕಾದಾಡಿ ಮಡಿದ ಸಂಗತಿ ಅದರಲ್ಲಿದೆ. ಅಕ್ಷರಗಳ ರೂಪ ಮತ್ತು ದೊರೆಯ ಹೆಸರನ್ನು ಆಧರಿಸಿ ಇದು ಸುಮಾರು 750ರದು ಎಂದು ತಜ್ಞರು ಗುರುತಿಸಿದ್ದಾರೆ. ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಿಲಾಶಾಸನವೆಂದು ಅದಕ್ಕೆ ಹೆಸರಾಯಿತು.

ಮೇಲುಸೇತುವೆ, ಕೆರೆ, ಟ್ರಾಫಿಕ್‌ನಿಂದಲೇ ಗೊತ್ತಿರುವ ಹೆಬ್ಬಾಳದಲ್ಲಿ ಸಾವಿರದ ಇನ್ನೂರೈವತ್ತು ವರ್ಷಕ್ಕೂ ಹಿಂದೆ ಒಬ್ಬ ಮನುಷ್ಯ ತನ್ನ ನಾಡಿಗಾಗಿ ಸತ್ತ, ಅವನ ಹೆಸರನ್ನು ಊರವರು ಕನ್ನಡದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರು. ಇದನ್ನು ಓದಿದಾಗ ನನಗೆ ತರ್ಕಕ್ಕಿಂತ ಮೊದಲು ರೋಮಾಂಚನವಾಯಿತು. ಆದರೆ ತರ್ಕದ ಪಾಠವೂ ಇಲ್ಲಿದೆ.

ಬೇಗೂರು ಶಾಸನದ ಸುದ್ದಿ ತಿಳಿದಾಗ ಇಬ್ಬರು ತಮ್ಮ ನಂಬಿಕೆಯನ್ನು ತಿದ್ದಿಕೊಂಡರು ಎಂದು ಭಾವಿಸಿ. ಒಬ್ಬರು "ಈ ಸೀಮೆಯಲ್ಲಿ ಊರುಕೇರಿ ಶುರುವಾದದ್ದೇ 890ರ ಹೊತ್ತಿಗೆ" ಎಂದು ಬರೆದುಕೊಂಡರು. ಇನ್ನೊಬ್ಬರು "ಕಡೇಪಕ್ಷ 890ರ ಹೊತ್ತಿಗೆ ಊರಿತ್ತು" ಎಂದು ಬರೆದುಕೊಂಡರು. ಅಂದಿಗೆ ಇಬ್ಬರ ತಿದ್ದುಪಡಿಯೂ ಸರಿಯಾಗಿಯೇ ಕಂಡಿತು. ಹೆಬ್ಬಾಳದ ಕಲ್ಲು ಬಂದಾಗ ಮೊದಲನೆಯವರು ಮತ್ತೆ ಬೇರು ಸಮೇತ ಕೀಳಬೇಕಾಯಿತು, ಎರಡನೆಯವರು ಒಂದು ಸಾಲು ಸೇರಿಸಿ ಮುಂದೆ ಹೋದರು. ಒಮ್ಮೆ ಹೇಗೆ ತಿದ್ದಿಕೊಳ್ಳುತ್ತೇವೆ ಎಂಬುದು ಮುಂದಿನ ತಿದ್ದುಪಡಿಯ ಕಷ್ಟವನ್ನು ನಿರ್ಧರಿಸುತ್ತದೆ. ಎಜಿಎಂ ಸಿದ್ಧಾಂತ ಒಂದೇ ಒಂದು ಹೆಜ್ಜೆಯ ಬಗ್ಗೆ ಮಾತಾಡುತ್ತದೆ. ಸಾಲುಸಾಲು ತಿದ್ದುಪಡಿಗಳಲ್ಲಿ ಶ್ರೇಣಿಯೇ ಹೇಗೆ ಬದಲಾಗಬೇಕು ಎಂಬುದನ್ನು ಅದು ಕಟ್ಟಿಹಾಕುವುದಿಲ್ಲ. ಅದಕ್ಕೆ ನಿಯಮಗಳನ್ನು ಕೊಡಲು 1997ರಲ್ಲಿ ಅದ್ನಾನ್ ದರ್ವೀಶ್ ಮತ್ತು ಜುಡೇಯಾ ಪರ್ಲ್ ಪ್ರಯತ್ನಿಸಿದರು.

ಮೊದಲನೆಯವರು ಎಡವಿದ್ದು ಎಲ್ಲಿ? ದಾಖಲೆ ಇಲ್ಲದ್ದು ಇರಲೇ ಇಲ್ಲ ಎಂದು ಎಣಿಸಿದ್ದರಲ್ಲಿ. ಈ ಎಣಿಕೆ ಎಲ್ಲ ಕಡೆಯೂ ತಪ್ಪಲ್ಲ. ಯಶವಂತಪುರ ನಿಲ್ದಾಣದ ವೇಳಾಪಟ್ಟಿಯಲ್ಲಿ ಒಂದು ಹೊತ್ತಿಗೆ ರೈಲು ನಮೂದಾಗಿಲ್ಲದಿದ್ದರೆ ಆ ಹೊತ್ತಿಗೆ ರೈಲಿಲ್ಲ ಎಂದೇ ಅರ್ಥ, ಏಕೆಂದರೆ ಇರುವುದನ್ನೆಲ್ಲ ನಮೂದಿಸುವುದೇ ಆ ಪಟ್ಟಿಯ ಕೆಲಸ. ಕಂಪ್ಯೂಟರ್ ದತ್ತಾಂಶಕ್ಕೆ ಈ ಊಹೆಯನ್ನು ರೈಟರ್ 1978ರಲ್ಲೇ ಖಚಿತವಾಗಿ ನಿರೂಪಿಸಿದ್ದರು. ಶಾಸನಗಳನ್ನು ಯಾರೂ ಪಟ್ಟಿಯಾಗಿ ಬರೆದಿಟ್ಟವರಲ್ಲ. ಎಷ್ಟೋ ಕಲ್ಲುಗಳು ಮನೆಯ ಅಡಿಪಾಯ ಸೇರಿವೆ, ಮೋರಿಯ ಮೇಲಿನ ಚಪ್ಪಡಿಯಾಗಿವೆ. ರೈಲ್ವೆ ಪಟ್ಟಿಯ ತರ್ಕವನ್ನು ಇತಿಹಾಸಕ್ಕೆ ಹಚ್ಚಿದರೆ ಪ್ರತಿ ಅಗೆತವೂ ಆಘಾತವಾಗುತ್ತದೆ.

ಊರೇ ಬದಲಾದಾಗ

ಇನ್ನೊಂದು ಬಗೆಯ ಬದಲಾವಣೆ ಉತ್ತರ ಬೆಂಗಳೂರಿಗೆ ಚೆನ್ನಾಗಿ ಗೊತ್ತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು, ಎಚ್‌ಎಎಲ್ ನಿಲ್ದಾಣದಿಂದ ನಿತ್ಯದ ಪ್ರಯಾಣಿಕ ವಿಮಾನಗಳು ನಿಂತವು. ವಿಮಾನ ಹಿಡಿಯಲು ಎಚ್‌ಎಎಲ್‌ಗೆ ಹೋಗಬೇಕು ಎಂದು ಮೇ 22ರಂದು ನಂಬಿದ್ದವರು ಸರಿಯಾಗಿಯೇ ನಂಬಿದ್ದರು. ಮೂರು ದಿನ ಕಳೆದ ಮೇಲೂ ಅದನ್ನೇ ನಂಬಿದವರಿಗೆ ವಿಮಾನ ತಪ್ಪುತ್ತಿತ್ತು. ಇಲ್ಲಿ ಯಾರ ತಿಳಿವಳಿಕೆಯಲ್ಲೂ ದೋಷವಿರಲಿಲ್ಲ, ಲೋಕವೇ ಪಕ್ಕಕ್ಕೆ ಸರಿಯಿತು. ಹೆಬ್ಬಾಳದ ರಸ್ತೆ ನಗರದ ಅಂಚಿನಿಂದ ನಗರದ ಹೆಬ್ಬಾಗಿಲಾಯಿತು.

ತಪ್ಪು ತಿದ್ದಿಕೊಳ್ಳುವುದೂ ಬದಲಾದ ಲೋಕಕ್ಕೆ ಹೊಂದಿಕೊಳ್ಳುವುದೂ ಬೇರೆ ಬೇರೆ ಲೆಕ್ಕಾಚಾರ ಎಂಬುದನ್ನು ಹಿರೋಫುಮಿ ಕಟ್ಸುನೊ ಮತ್ತು ಆಲ್ಬೆರ್ಟೊ ಮೆಂಡೆಲ್‌ಝೋನ್ 1991ರಲ್ಲಿ ಸ್ಪಷ್ಟವಾಗಿ ಬಿಡಿಸಿ ತೋರಿಸಿದರು. ಗುರುತಿಸುವ ಬಗೆ ಸುಲಭ: ನಿನ್ನೆ ನಂಬಿದ್ದು ನಿನ್ನೆಯ ಮಟ್ಟಿಗೆ ನಿಜವಾಗಿತ್ತೇ ಎಂದು ಕೇಳಿ. ಎಚ್‌ಎಎಲ್ ವಿಷಯದಲ್ಲಿ ಹೌದು, 2007ರಲ್ಲಿ ಅಲ್ಲಿಂದ ಹಾರಿದವರ ಟಿಕೆಟ್ ಇಂದಿಗೂ ಸಾಕ್ಷಿ. "1537ಕ್ಕೆ ಮುಂಚೆ ಬೆಂಗಳೂರಿರಲಿಲ್ಲ" ಎಂಬುದು ನಿನ್ನೆಯೂ ಸುಳ್ಳು, ನೂರು ವರ್ಷದ ಹಿಂದೆಯೂ ಸುಳ್ಳು.

ಅಲ್ಲಿಗೆ ನಂಬಿಕೆಗೆ ಎದುರಾಗುವ ಸುದ್ದಿಯಲ್ಲಿ ಮೂರು ಬಗೆಯಾಯಿತು. ಮಟನ್ ಅಂಗಡಿಯದು ಅಪವಾದ, ನಿಯಮವನ್ನು ಮುಟ್ಟಬೇಕಾಗಿಲ್ಲ. ವಿಮಾನ ನಿಲ್ದಾಣದ್ದು ಲೋಕದ ಬದಲಾವಣೆ. ನಿಯಮಕ್ಕೆ ಕೊನೆಯ ದಿನಾಂಕ ಹಾಕಬೇಕು. ಬೇಗೂರು, ಹೆಬ್ಬಾಳದ ಕಲ್ಲುಗಳದು ತಪ್ಪಿನ ತಿದ್ದುಪಡಿ. ನಂಬಿಕೆಯನ್ನು ಹಿಂದಿನ ದಿನಾಂಕದಿಂದಲೇ ರದ್ದು ಮಾಡಬೇಕು. ಮನೆಮಾತಿನಲ್ಲೂ ಟಿ.ವಿ. ಚರ್ಚೆಯಲ್ಲೂ ನಾವು ಇವುಗಳನ್ನು ಎಷ್ಟು ಕಲಸಿಬಿಡುತ್ತೇವೆ ಎಂದರೆ, ಒಂದು ಬೇಸಿಗೆಯಲ್ಲಿ ಚಳಿ ಬಿದ್ದರೆ ಹವಾಮಾನ ಬದಲಾಗಿಲ್ಲ ಎನ್ನುತ್ತೇವೆ, ವರ್ಷಗಟ್ಟಲೆ ಬದಲಾದ ಮಳೆಯನ್ನು ಬರೀ ಅಪವಾದ ಎನ್ನುತ್ತೇವೆ.

ಯಂತ್ರಗಳಿಗೂ ಇದೇ ಸಂಕಟ. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು. ಪ್ರಶ್ನೆಗೆ ಉತ್ತರಿಸುವ ಕಂಪ್ಯೂಟರಿಗೆ ಈ ಒಂದು ಸಂಗತಿ ತಿಳಿಸಿದರೆ ಸಾಲದು. ಯಾವ ಉತ್ತರಗಳು ಬದಲಾಗಬೇಕು, 2023ರ ಮಾಂಸ ನಿಷೇಧದ ಆದೇಶ ಹೊರಡಿಸಿದವರು ಯಾರು ಎಂಬಂಥ ಯಾವ ಉತ್ತರಗಳು ಹಾಗೇ ಇರಬೇಕು ಎಂಬುದನ್ನೂ ಅದು ಬೇರ್ಪಡಿಸಬೇಕು.

ಒಂದೇ ನಾಣ್ಯ

ಸಾಮಾನ್ಯ ಸನ್ನಿವೇಶಗಳ ತರ್ಕ, ನಂಬಿಕೆಯ ತಿದ್ದುಪಡಿ ಇವೆರಡೂ ಬೇರೆ ಬೇರೆ ಊರುಗಳಲ್ಲಿ ಬೆಳೆದ ವಿದ್ಯೆಗಳು. ಇವು ಒಂದೇ ನಾಣ್ಯದ ಎರಡು ಮುಖ ಎಂದು ಮೇಕಿನ್ಸನ್ ಮತ್ತು ಗಾರ್ಡೆನ್‌ಫೋರ್ಸ್ 1991ರಲ್ಲಿ ತೋರಿಸಿದರು. "ಹಕ್ಕಿ ಸಾಮಾನ್ಯವಾಗಿ ಹಾರುತ್ತದೆ" ಎನ್ನುವುದೂ, "ಅದು ಹಕ್ಕಿ ಎಂದು ತಿಳಿದರೆ ಹಾರುತ್ತದೆಂದು ನಂಬಲು ಸಿದ್ಧನಿದ್ದೇನೆ" ಎನ್ನುವುದೂ ಲೆಕ್ಕದಲ್ಲಿ ಒಂದೇ. ಎರಡರ ಹಿಂದೆಯೂ ಇರುವುದು ಸಹಜತೆಯ ಅದೇ ಸಾಲುಗಳು.

ಹಾಗಾದರೆ ಆ "ಸಾಮಾನ್ಯವಾಗಿ" ಎಂಬ ನಿಯಮಗಳನ್ನೇ ತಿದ್ದಬೇಕಾದಾಗ? 2017ರಲ್ಲಿ ಜೊವಾನಿ ಕಸೀನಿ ಮತ್ತು ಥಾಮಸ್ ಮೇಯರ್ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಇಂಥ ತರ್ಕದಲ್ಲಿ ವಿಶೇಷ ವಿಧಿ ಸಾಮಾನ್ಯ ವಿಧಿಗೆ ಎದುರಾದ ಮಾತ್ರಕ್ಕೆ ವಿರೋಧವಿಲ್ಲ. ಆದ್ದರಿಂದ ಹಳೆಯ ತರ್ಕದಲ್ಲಿ ನಂಬಿಕೆ ಕೈಬಿಡಲೇಬೇಕಾದ ಎಷ್ಟೋ ಕಡೆ ಇಲ್ಲಿ ಏನೂ ಬಿಡಬೇಕಾಗಿಲ್ಲ. "ಏರೋ ಇಂಡಿಯಾದ ಭಾನುವಾರ ಅಂಗಡಿ ಸಾಮಾನ್ಯವಾಗಿ ತೆರೆದಿರುತ್ತದೆ" ಎಂದೇ ನಂಬಿದ್ದವರು ಆದೇಶ ಓದಿದಾಗ ಮಾತ್ರ ನಿಯಮವನ್ನೇ ಕೀಳಬೇಕು. ಅಪವಾದ ಎಲ್ಲಿಗೆ ಮುಗಿಯುತ್ತದೆ, ತಿದ್ದುಪಡಿ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯನ್ನು ಎಳೆಯುವ ಕೆಲಸ ಇದು.

ಒಪ್ಪದಿರುವ ಹಕ್ಕು

ಎಜಿಎಂನ ಮೊದಲ ಬೇಡಿಕೆಗೆ ನನ್ನ ಪೂರ್ಣ ಸಮ್ಮತಿ ಇಲ್ಲ. ಹೊಸದಾಗಿ ಬಂದದ್ದೆಲ್ಲವನ್ನೂ ಒಪ್ಪಬೇಕೇ? ಕನ್ನಡದ ಅತಿ ಹಳೆಯ ಶಾಸನ ಸುಮಾರು 450ರ ಹಲ್ಮಿಡಿಯದು ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪುರಾತತ್ವ ಇಲಾಖೆಗೆ ಸಿಕ್ಕ ಸಿಂಹಕಟಾಂಜನದ ಶಾಸನಕ್ಕೆ 370 ಎಂಬ ಕಾಲ ಸೂಚಿಸಲಾಗಿದೆ. ಅದನ್ನು ಒಪ್ಪಿದ ವಿದ್ವಾಂಸರಿದ್ದಾರೆ, ಕಾಲನಿರ್ಣಯವನ್ನು ಪ್ರಶ್ನಿಸುವವರೂ ಇದ್ದಾರೆ. ಹಾಗೆ ಪ್ರಶ್ನಿಸುವುದು ಹಟವಲ್ಲ. ಹೊಸ ಮಾಹಿತಿಗೂ ಶ್ರೇಣಿಯಲ್ಲಿ ಒಂದು ಸ್ಥಾನ ಕೊಟ್ಟು, ಹಳೆಯದರೊಂದಿಗೆ ತೂಗಿ ನೋಡುವ ಸಿದ್ಧಾಂತಗಳೂ ಈಚಿನ ದಶಕಗಳಲ್ಲಿ ಬಂದಿವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ ಸಂದೇಶಕ್ಕೂ ನಂಬಿಕೆ ತಿದ್ದಿಕೊಳ್ಳುವ ಕಾಲದಲ್ಲಿ ಈ ದಾರಿಯೇ ಹೆಚ್ಚು ಸುರಕ್ಷಿತ.

ನಂಬಿಕೆಯ ಪಕ್ಕದಲ್ಲಿ ಕಾರಣ

1979ರಲ್ಲಿ ಅಮೆರಿಕದ ಜಾನ್ ಡಾಯ್ಲ್ ಇನ್ನೊಂದು ಉಪಾಯ ಮಾಡಿದ್ದರು. ಅವರ ಕಂಪ್ಯೂಟರ್ ವ್ಯವಸ್ಥೆ ಪ್ರತಿ ನಂಬಿಕೆಯ ಜೊತೆಗೂ ಅದಕ್ಕೆ ಆಧಾರವಾದ ಕಾರಣವನ್ನು ಬರೆದಿಡುತ್ತಿತ್ತು. ಕಾರಣ ಬಿದ್ದರೆ ಅದನ್ನು ನೆಚ್ಚಿದ ನಂಬಿಕೆಗಳಷ್ಟೇ ಬೀಳುತ್ತವೆ, ಉಳಿದವು ನಿಲ್ಲುತ್ತವೆ. ಎಲ್ಲ ನಂಬಿಕೆಗೂ ಹೀಗೆ ಕಾರಣ ಬರೆದಿಡುವುದು ಮನುಷ್ಯರಿಗೆ ಆಗದ ಮಾತು. ಆದರೆ ಮಕ್ಕಳ ಪಠ್ಯಪುಸ್ತಕದಲ್ಲಿ ಖಂಡಿತ ಆಗಬೇಕು, ಇದು ನನ್ನ ಗಟ್ಟಿ ಬೇಡಿಕೆ. ಕೋಟೆ ಮತ್ತು ಪೇಟೆ: ಕೆಂಪೇಗೌಡರು, 1537. ಊರಿನ ಹೆಸರು: ಬೇಗೂರು ಶಾಸನ, ಸುಮಾರು 890. ಹೆಬ್ಬಾಳದ ಸೀಮೆಯಲ್ಲಿ ಜನವಸತಿ: ಕಿತ್ತಯ್ಯನ ವೀರಗಲ್ಲು, ಸುಮಾರು 750 (ಆಧಾರ: ಲಿಪಿಯ ರೂಪ ಮತ್ತು ಶ್ರೀಪುರುಷನ ಹೆಸರು). ಮೂರೇ ಸಾಲು ಸಾಕು.

ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ತಂಡ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಿಂದ ದಾಖಲಿಸುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಮೂಡುತ್ತವೆ. ನಾಳೆ ಅಂಥ ಒಂದು ಅಕ್ಷರದ ಓದು ಬದಲಾದರೆ ಯಾವ ಸಾಲನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಆ ಪುಟ ನೋಡಿದ ಏಳನೇ ತರಗತಿಯ ಹುಡುಗಿಗೂ ತಿಳಿಯುತ್ತದೆ.